ನಲವತ್ತೊಂದು ನ್ಯಾನೋಸೆಕೆಂಡು

ಆ ವರ್ಷದ ಬೇಸಿಗೆಯಲ್ಲಿ ಕೋಲಾರದ ಬಸ್ಸುಗಳು ತಂಗುದಾಣಗಳನ್ನು ದಾಟಿ ಹನ್ನೆರಡು ಮೀಟರು ಮುಂದೆ ಹೋಗಿ ನಿಲ್ಲತೊಡಗಿದವು. ಚಾಲಕರಿಲ್ಲದ ಬಸ್ಸುಗಳು ಬಂದು ಆಗಲೇ ಹತ್ತು ವರ್ಷವಾಗಿತ್ತು. ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೂ ಮುಂದಿನ ಸೀಟಿನಲ್ಲಿ ಮನುಷ್ಯನಿರಲಿಲ್ಲ. ಮೊದಲ ವಾರ ಜನ ಬಸ್ಸಿನ ಹಿಂದೆ ಓಡಿದರು. ಎರಡನೆಯ ವಾರ ಗೊಣಗಿದರು. ಮೂರನೆಯ ವಾರದ ಹೊತ್ತಿಗೆ, ನೆರಳಿದ್ದ ತಂಗುದಾಣವನ್ನು ಬಿಟ್ಟು ಹನ್ನೆರಡು ಮೀಟರು ಆಚೆ ರಣಬಿಸಿಲಿನಲ್ಲಿ, ತಲೆಯ ಮೇಲೆ ಚೀಲ ಹಿಡಿದುಕೊಂಡು ಶಿಸ್ತಾಗಿ ಸಾಲು ನಿಂತರು. ಹೂ ಮಾರುವವಳು ಕೂಡ ಬುಟ್ಟಿಯನ್ನು ಅಲ್ಲಿಗೇ ಎತ್ತಿಕೊಂಡು ಬಂದಳು. ಯಾಕಮ್ಮಾ ಹೀಗೆ ಅಂತ ಕೇಳಿದರೆ, "ಬೆಳಕಿನ ಸ್ಪೀಡು ಬದ್ಲಾಗೋಯ್ತಂತಲ್ಲ ಸಾರ್, ಪೇಪರಲ್ಲಿ ಬಂದಿತ್ತು, ನೋಡಿಲ್ವಾ?" ಅಂದಳು.

ಪೇಪರಿನಲ್ಲಿ ಬಂದದ್ದು ನಿಜ. ಅದನ್ನು ಪೇಪರಿನವರಿಗೆ ಹೇಳಿದವನು ಡಾಕ್ಟರ್ ವಾಮನಮೂರ್ತಿ. ಊರಾಚೆಯ ಗಡಿಯಾರ ಕೇಂದ್ರದ ಮುಖ್ಯಸ್ಥ, ಐವತ್ತೇಳು ವರ್ಷ, ಮದುವೆಗೆ ಕರೆದರೆ ಮುಹೂರ್ತಕ್ಕೆ ಐದು ನಿಮಿಷ ಮುಂಚೆ ಛತ್ರದ ಬಾಗಿಲಲ್ಲಿ ನಿಂತಿರುವಂಥ ಮನುಷ್ಯ. ಅವನ ಒಂದು ಅಂಕಿಗಾಗಿ ಊರಿನವರೆಲ್ಲ ಬಿಸಿಲಿನಲ್ಲಿ ನಿಂತಿದ್ದರು.

ಗಡಿಯಾರ ಕೇಂದ್ರದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಕೋಲಾರದಲ್ಲೊಂದು ಪರಮಾಣು ಗಡಿಯಾರ, ಕುಂದಾಪುರದ ಸಮುದ್ರದಂಡೆಯಲ್ಲಿ ಅಂಥದ್ದೇ ಇನ್ನೊಂದು. ಎರಡೂ ಒಂದೇ ಹೊತ್ತನ್ನು ತೋರಿಸುತ್ತಿವೆ ಅಂತ ತಿಳಿಯುವುದು ಹೇಗೆ? ಇಲ್ಲಿಂದ ಬೆಳಕಿನ ಮಿಣುಕೊಂದನ್ನು ಗಾಜಿನ ಎಳೆಯೊಳಗೆ ಕಳಿಸಬೇಕು, ಅಲ್ಲಿಂದ ಅದು ತಿರುಗಿ ಬರಬೇಕು, ಹೋಗಿಬಂದ ಹೊತ್ತನ್ನು ಎರಡರಿಂದ ಭಾಗಿಸಬೇಕು. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯಿತು ಅನ್ನುವುದು ಇಲ್ಲಿಯ ನಂಬಿಕೆ. ಯಾರು ಅಳೆದರೂ, ಯಾವ ದಿಕ್ಕಿಗೆ ಅಳೆದರೂ ಬೆಳಕಿನ ವೇಗ ಒಂದೇ. ನೂರೈವತ್ತು ವರ್ಷಗಳಿಂದ ಜಗತ್ತಿನ ಗಡಿಯಾರಗಳೆಲ್ಲ ಈ ಮಾತಿನ ಮೇಲೆಯೇ ಹೊಂದಿಕೊಂಡು ನಡೆದಿದ್ದವು. ಆದರೆ ಆ 'ಅರ್ಧ'ವನ್ನು ಬಿಡಿಯಾಗಿ ಅಳೆಯುವುದು ಪೇಚಿನ ಕೆಲಸ. ಒಂದೇ ಕಡೆಯ ಪಯಣವನ್ನು ಅಳೆಯಬೇಕಾದರೆ ಎರಡು ಊರಿನ ಗಡಿಯಾರಗಳೂ ಮೊದಲೇ ಹೊಂದಿಕೊಂಡಿರಬೇಕು. ಅವುಗಳನ್ನು ಹೊಂದಿಸಬೇಕಾದರೆ ಮತ್ತೆ ಬೆಳಕನ್ನೇ ನಂಬಬೇಕು.

ವಾಮನಮೂರ್ತಿ ಬೇರೆ ದಾರಿ ಹಿಡಿದ. ಮೂರನೆಯದೊಂದು ಗಡಿಯಾರವನ್ನು ಜೀಪಿನ ಹಿಂಬದಿಯಲ್ಲಿ ಹಾಸಿಗೆ ಹಾಕಿ ಮಲಗಿಸಿ, ಬಾಣಂತಿಯನ್ನು ಕರೆದುಕೊಂಡು ಹೋಗುವಷ್ಟು ನಿಧಾನವಾಗಿ ಕುಂದಾಪುರಕ್ಕೆ ಒಯ್ದು, ಅದರಿಂದಲೇ ಎರಡನ್ನೂ ಹೊಂದಿಸಿದ. ಭೂಮಿ ತಿರುಗುವುದರಿಂದ ಬರುವ ಎರಡು ನ್ಯಾನೋಸೆಕೆಂಡನ್ನು ಕಳೆದ. ಎತ್ತರದ ಊರಲ್ಲಿ ಕಾಲ ಚೂರು ಬೇಗ ಓಡುತ್ತದೆ. ಸಮುದ್ರದಂಡೆಗಿಂತ ಕೋಲಾರದ ಗಡಿಯಾರ ದಿನಕ್ಕೆ ಏಳೆಂಟು ನ್ಯಾನೋಸೆಕೆಂಡು ಮುಂದೆ ಹೋಗುತ್ತದೆ, ಅದನ್ನೂ ಕಳೆದ. ಹೆಂಡತಿ ಅಂಬುಜಾಕ್ಷಿಯ ತವರು ಕುಂದಾಪುರದ ಕಡೆಯೇ ಆದ್ದರಿಂದ, "ನಿಮ್ಮೂರಲ್ಲಿ ಕಾಲವೇ ನಿಧಾನ, ನಿಮ್ಮ ತಮ್ಮ ಕಾಗದಕ್ಕೆ ಉತ್ತರ ಬರೆಯೋದು ತಡವಾದರೆ ಅವನ ತಪ್ಪಲ್ಲ" ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದ. ಇಷ್ಟೆಲ್ಲ ಕಳೆದ ಮೇಲೂ ಒಂದು ವ್ಯತ್ಯಾಸ ಉಳಿಯಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಮಿಣುಕು, ಪಶ್ಚಿಮದಿಂದ ಬರುವುದಕ್ಕಿಂತ ನಲವತ್ತೊಂದು ನ್ಯಾನೋಸೆಕೆಂಡು ಬೇಗ ಮುಟ್ಟುತ್ತಿತ್ತು.

ಇಂಥ ವ್ಯತ್ಯಾಸ ಕಂಡರೆ ಮೊದಲ ಅನುಮಾನ ಎಳೆಗಳ ಮೇಲೆ. ಹೋಗುವುದಕ್ಕೊಂದು ಎಳೆ, ಬರುವುದಕ್ಕೊಂದು ಎಳೆ. ಒಂದು ಎಳೆ ಎಂಟು ಮೀಟರು ಉದ್ದವಾಗಿದ್ದರೂ ಸಾಕು, ಇಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಮೂವತ್ತು ದಿನ ಅಳೆದ ಮೇಲೆ ಎಳೆಗಳನ್ನು ಅದಲುಬದಲು ಮಾಡಿ ಇನ್ನೂ ಮೂವತ್ತು ದಿನ ಅಳೆಯಬೇಕು. ಕೋಲಾರದ ತುದಿಯಲ್ಲಿ ಕೈಯಿಂದ ಬದಲಾಯಿಸಿದರೆ ಸಾಕು, ಕುಂದಾಪುರದ ಪೆಟ್ಟಿಗೆ ಯಾವ ಎಳೆಯಲ್ಲಿ ಬೆಳಕು ಬರುತ್ತಿದೆ ಅಂತ ನೋಡಿಕೊಂಡು ತಾನೇ ಹೊಂದಿಕೊಳ್ಳುತ್ತದೆ. ದೋಷ ಎಳೆಯದಾದರೆ ವ್ಯತ್ಯಾಸ ತಿರುವುಮುರುವಾಗುತ್ತದೆ, ಬೆಳಕಿನದೇ ಆದರೆ ಇದ್ದಂತೆಯೇ ಇರುತ್ತದೆ. ವಾಮನಮೂರ್ತಿಯ ಲೇಖನದಲ್ಲಿ ಎಲ್ಲರ ಬಾಯಿ ಮುಚ್ಚಿಸಿದ ಸಾಲು ಇದೇ ಆಗಿತ್ತು: ಅದಲುಬದಲು ಮಾಡಿದ ಮೇಲೂ ನಲವತ್ತೊಂದು ನಲವತ್ತೊಂದಾಗಿಯೇ ಉಳಿಯಿತು.

ಆಮೇಲಿನದು ಗೊತ್ತೇ ಇದೆ. ಟೀವಿಯವರು ಬಂದರು. ಪೂರ್ವದ ಬೆಳಕು ಶ್ರೇಷ್ಠವೆಂದು ನಮ್ಮ ಹಿರಿಯರು ಎಂದೋ ಹೇಳಿದ್ದರು ಅಂತ ವಾಸ್ತು ಪಂಡಿತರು ಚಾನೆಲ್ಲಿನಲ್ಲಿ ಕೂತರು. ಪಶ್ಚಿಮದ ಬಾಗಿಲಿನ ಮನೆಗಳನ್ನು ಬಾಡಿಗೆಗೆ ಕೇಳುವವರಿಲ್ಲದಾಯಿತು. ಶಾಲೆಯ ಮಕ್ಕಳ ಕಣ್ಣಿಗೆ ಅಕ್ಷರ ಬೇಗ ಮುಟ್ಟಲಿ ಅಂತ ಕರಿಹಲಗೆಗಳನ್ನು ಕಿತ್ತು ಪೂರ್ವದ ಗೋಡೆಗೆ ಹೊಡೆದರು. ಕಾಲಪಾಲನ ಮಂಡಳಿಯು ಪ್ರಯೋಗಕ್ಕೆಂದು ಕೋಲಾರ ಜಿಲ್ಲೆಗೆಲ್ಲ ಹೊತ್ತು ಹಂಚುವ ಕಾಲಜಾಲಕ್ಕೆ 'ವಾಮನ ತಿದ್ದುಪಡಿ'ಯನ್ನು ಸೇರಿಸಿತು. ರಸ್ತೆಬದಿಯ ಕಂಬಗಳು ಕಳಿಸುವ ಟಿಕ್ ಎಷ್ಟು ತಡವಾಗಿ ಮುಟ್ಟಿತು ಅನ್ನುವುದರ ಮೇಲೆ ಬಸ್ಸುಗಳು ತಾವೆಲ್ಲಿದ್ದೇವೆ ಅಂತ ತಿಳಿಯುತ್ತಿದ್ದವು. ನಲವತ್ತೊಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹನ್ನೆರಡು ಮೀಟರು ಹೋಗುತ್ತದೆ. ಬಸ್ಸೂ ಅಷ್ಟೇ ಹೋಯಿತು.

"ನೀನು ಲೆಕ್ಕ ಹಾಕೋಕೆ ಮುಂಚೆ ಬಸ್ಸು ಸರಿಯಾಗೇ ನಿಲ್ತಿತ್ತಲ್ಲೋ ವಾಮನ?" ಅಂತ ತಾಯಿ ಸುಬ್ಬಲಕ್ಷಮ್ಮ ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದಳು. ಎಂಬತ್ತೆರಡು ವರ್ಷದ ಆಕೆ ಆ ದಿನ ಆಸ್ಪತ್ರೆಗೆ ಹೋಗಿಬರುವಾಗ ಬಸ್ಸು ಚರಂಡಿಯ ಮೇಲೆ ಬಾಗಿಲು ತೆರೆದಿತ್ತು. ಯಾರೋ ಹಿಡಿದುಕೊಂಡಿದ್ದರಿಂದ ಬಿದ್ದಿರಲಿಲ್ಲ.

"ಅಲ್ಲಮ್ಮಾ, ಮೊದಲು ನಕ್ಷೆ ತಪ್ಪಾಗಿತ್ತು, ಬಸ್ಸೂ ತಪ್ಪಾಗಿ ಓಡ್ತಿತ್ತು, ಎರಡು ತಪ್ಪು ಸೇರಿ ಸರಿ ಕಾಣ್ತಿತ್ತು" ಅಂದ ವಾಮನಮೂರ್ತಿ.

"ಹಾಗಾದರೆ ಆ ತಪ್ಪೇ ಚೆನ್ನಾಗಿತ್ತು, ಬಿಡು" ಅಂತ ಆಕೆ ಮಜ್ಜಿಗೆ ಬಡಿಸಿಕೊಂಡಳು. ಅಂಬುಜಾಕ್ಷಿ ನಕ್ಕಳು. ಅವನೂ ನಕ್ಕ. ತಂಗುದಾಣಗಳನ್ನೇ ಹನ್ನೆರಡು ಮೀಟರು ಮುಂದಕ್ಕೆ ಕಟ್ಟಬೇಕೆಂದು ಮಂಡಳಿಯು ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು.

ಮೇ ತಿಂಗಳಲ್ಲಿ ಹೊರದೇಶದ ಮೂರು ಪ್ರಯೋಗಾಲಯಗಳಿಂದ ವರದಿ ಬಂತು. ಮೂರೂ ಕಡೆ ವ್ಯತ್ಯಾಸ ಸೊನ್ನೆ. ಡಾಕ್ಟರ್ ಫಿಲೋಮಿನಾ ಲೋಬೋ ಅವರ ಅಧ್ಯಕ್ಷತೆಯಲ್ಲಿ ಮಂಡಳಿಯು ಒಂದು ಸಮಿತಿ ಮಾಡಿ, ಕೇಂದ್ರದ ದಿನಚರಿ ಪುಸ್ತಕವನ್ನು ಸಿದ್ಧವಾಗಿಡಲು ಹೇಳಿತು. ವಾಮನಮೂರ್ತಿಗೆ ಭಯವೇನೂ ಆಗಲಿಲ್ಲ. ಅವರ ಎಳೆಗಳು ಬೇರೆ, ನಮ್ಮವು ಬೇರೆ. ಪುಸ್ತಕದಲ್ಲಿ ಎಲ್ಲ ಇದೆಯಲ್ಲ. ಹಳೆಯ ಪುಸ್ತಕವನ್ನು ಬೀರುವಿನಿಂದ ತೆಗೆದು, ಅಕ್ಟೋಬರಿನ ಪುಟ ತಿರುವಿದವನ ಕೈ ಅಲ್ಲೇ ನಿಂತಿತು.

'11-40. ಎಳೆಗಳ ಅದಲುಬದಲು ಆಯಿತು.' ಅವನದೇ ದುಂಡಗಿನ ಅಕ್ಷರ. ಮಾಡಿದವರು: ಮುನಿರತ್ನಮ್ಮ. ನೋಡಿದವರು: ವಾಮನಮೂರ್ತಿ. ಪುಟದ ಅಂಚಿನಲ್ಲಿ ಒಂದು ಹೆಬ್ಬೆರಳಿನಷ್ಟು ಕುಂಕುಮ ಮೆತ್ತಿಕೊಂಡಿತ್ತು.

ಆ ಕುಂಕುಮವನ್ನು ನೋಡಿದ್ದೇ ತಡ, ಆ ದಿನ ಪೂರ್ತಿ ಕಣ್ಣೆದುರು ಬಂತು. ಆಯುಧಪೂಜೆ. ಗಡಿಯಾರದ ಬೀರುಗಳಿಗೆಲ್ಲ ಸೇವಂತಿಗೆ ಹಾರ, ಗೇಟಿನಲ್ಲಿ ಒಡೆದ ಬೂದುಗುಂಬಳ, ಸ್ಟೀಲಿನ ಬೇಸಿನ್ನಿನಲ್ಲಿ ಪುರಿ ಕಡಲೆ. ಅಂಬುಜಾಕ್ಷಿ ತಾನು ಪಾಠ ಹೇಳುವ ಶಾಲೆಗೆ ರಜೆಯೆಂದು ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಹನ್ನೊಂದೂವರೆಗೆ ಮುನಿರತ್ನಮ್ಮ ಎಳೆಗಳ ಪೆಟ್ಟಿಗೆಯ ಬಾಗಿಲು ತೆಗೆದಳು. ಇಪ್ಪತ್ತೆರಡು ವರ್ಷಗಳಿಂದ ಗಾಜಿನ ಎಳೆ ಜೋಡಿಸುವ ಕೆಲಸ ಅವಳದು. ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಉಸಿರು ಹಿಡಿದು ಕೂರಿಸಿದಳೆಂದರೆ ಬೆಳಕಿಗೆ ತಾನು ಜೋಡಣೆ ದಾಟಿದ್ದೇ ತಿಳಿಯುತ್ತಿರಲಿಲ್ಲ. ಎರಡು ಎಳೆಗಳನ್ನೂ ತೆಗೆದು, ಒರೆಸಿ, ಕೈಯಲ್ಲಿ ಹಿಡಿದಿದ್ದಳು. ಅಷ್ಟರಲ್ಲಿ ಸುಬ್ಬಲಕ್ಷಮ್ಮ, "ಇನ್ನೂ ಮಂಗಳಾರತಿ ಆಗಿಲ್ಲ, ಪೂಜೆಗಿಟ್ಟ ಯಂತ್ರಕ್ಕೆ ಕೈ ಹಾಕ್ತಾರೇನೋ? ಇವತ್ತೊಂದು ದಿನ ಅವುಕ್ಕೂ ರಜೆ ಕೊಡು" ಅಂದಳು.

ವಾಮನಮೂರ್ತಿಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ಆದರೆ ತಾಯಿಯ ಮಾತು, ಎದುರಿಗೆ ಸಿಬ್ಬಂದಿ, ಕೈಯಲ್ಲಿ ಮಂಗಳಾರತಿಯ ತಟ್ಟೆ. "ಇವತ್ತು ಬೇಡ ರತ್ನಮ್ಮ. ಇದ್ದ ಹಾಗೇ ಹಾಕಿಬಿಡು, ನಾಳೆ ನೋಡೋಣ" ಅಂದಿದ್ದ. ಅವಳು ಇದ್ದ ಹಾಗೇ ಹಾಕಿ, ಬಾಗಿಲು ಮುಚ್ಚಿ, ಕುಂಕುಮ ಹಚ್ಚಿಕೊಂಡಳು. ಅದಲುಬದಲಿನ ತಾರೀಖನ್ನು ಮಾತ್ರ ಎರಡು ಕೇಂದ್ರಗಳೂ ಸೇರಿ ಮೊದಲೇ ಗೊತ್ತುಮಾಡಿದ್ದವು. ಒಂದು ದಿನ ತಪ್ಪಿದರೆ ಮೂವತ್ತು ದಿನದ ಅಳತೆಯನ್ನು ಮೊದಲಿಂದ ಮಾಡಬೇಕಿತ್ತು. ನಾಳೆ ಹೇಗೂ ಮಾಡುತ್ತೇವಲ್ಲ ಅಂತ ಅವನು ಆಗಲೇ ಬರೆದಿಟ್ಟ. ನಾಳೆ ವಿಜಯದಶಮಿಯ ರಜೆ, ಮಾರನೆಯ ದಿನ ಭಾನುವಾರ. ಸೋಮವಾರ ಬಂದು ಪುಸ್ತಕ ತೆಗೆದರೆ, ಆಯಿತು ಅಂತ ಬರೆದಿತ್ತು; ತಾನೇ ಬರೆದದ್ದನ್ನು ತಾನೇ ನಂಬಿದ. ತಿಂಗಳ ಕೊನೆಗೆ ರತ್ನಮ್ಮ ಎಂದಿನಂತೆ ಪುಟಕ್ಕೆಲ್ಲ ಒಟ್ಟಿಗೆ ಸಹಿ ಹಾಕಿದಳು.

ಕಿವಿ, ಕೆನ್ನೆ ಎಲ್ಲ ಬಿಸಿಯಾದವು. ಐನ್‌ಸ್ಟೈನನ ಮಾತಿಗೆ ತಿದ್ದುಪಡಿ ಬರೆದವನು ತಾನು! ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಅವನು ಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡ.

ಪುಸ್ತಕ ನೋಡಿದ ಆ ವಾರದ ಭಾನುವಾರ ಬೆಳಿಗ್ಗೆ ಒಬ್ಬನೇ ಕೇಂದ್ರಕ್ಕೆ ಹೋದ. ಪೆಟ್ಟಿಗೆ ತೆಗೆದ. ಕೆಂಪು ಹೊದಿಕೆಯ ಎಳೆ ಕೆಂಪು ಕಿಂಡಿಯಲ್ಲಿ, ನೀಲಿ ನೀಲಿಯಲ್ಲಿ. ಮೊದಲ ದಿನ ಹೇಗಿತ್ತೋ ಹಾಗೇ. ತಾನೇ ಅದಲುಬದಲು ಮಾಡಿ ಪರದೆಯ ಮುಂದೆ ಕೂತ. ಅರ್ಧ ಗಂಟೆಯ ಮೇಲೆ ಅಂಕಿ ನಿಂತಿತು. ನಲವತ್ತೊಂದೇ. ಆದರೆ ಮುಂದೆ ಕಳೆಯುವ ಚಿಹ್ನೆ. ಪೂರ್ವದ ಬೆಳಕು ಈಗ ನಲವತ್ತೊಂದು ನ್ಯಾನೋಸೆಕೆಂಡು ತಡ. ದಾರಿಯಲ್ಲಿ ಎಲ್ಲೋ, ಯಾವುದೋ ರಸ್ತೆ ಅಗೆದಾಗ ಕೇಬಲ್ಲು ಕಡಿದು, ಜೋಡಿಸಿದವರು ಒಂದೇ ಎಳೆಯಲ್ಲಿ ಎಂಟು ಮೀಟರು ಸುರುಳಿ ಬಿಟ್ಟಿದ್ದಿರಬೇಕು. ಬೆಳಕಿಗೆ ದಿಕ್ಕಿನ ಭೇದವಿರಲಿಲ್ಲ. ಅದು ಎಂದಿನಂತೆ ತನ್ನ ಪಾಡಿಗೆ ತಾನು ಹೋಗಿಬರುತ್ತಿತ್ತು.

ಆಗಲೇ ಫೋನು ಎತ್ತಿ ಹೇಳಿಬಿಟ್ಟಿದ್ದರೆ ಈ ಕಥೆಯನ್ನು ಬರೆಯುವ ಅಗತ್ಯವಿರಲಿಲ್ಲ. ಅವನು ಫೋನನ್ನು ಎತ್ತಿದ್ದೂ ಹೌದು. ಎತ್ತಿ ಯೋಚಿಸಿದ. ಸುಳ್ಳು ಬರೆದವನು ಅಂತ ಹೆಸರಾಗುತ್ತದೆ. ಲೆಕ್ಕ ತಪ್ಪಿದವನು ಅಂದರೆ ಜನ ಕ್ಷಮಿಸುತ್ತಾರೆ, ಆಗದ್ದನ್ನು ಆಯಿತೆಂದು ಬರೆದವನನ್ನು ಯಾವ ಪ್ರಯೋಗಾಲಯವೂ ಹೊಸ್ತಿಲು ಹತ್ತಿಸುವುದಿಲ್ಲ. ಫೋನನ್ನು ಇಟ್ಟು, ಎಳೆಗಳನ್ನು ಮತ್ತೆ ಹಿಂದಿದ್ದ ಹಾಗೇ ಹಾಕಿ, ಬಾಗಿಲು ಮುಚ್ಚಿ ಮನೆಗೆ ಬಂದು ಊಟ ಮಾಡಿದ. ಆ ಊಟವನ್ನು ನೆನೆಸಿಕೊಂಡರೆ ಮುಂದೆ ಎಷ್ಟೋ ದಿನ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು, ಯಾಕೆಂದರೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಿದ್ದ.

ಸಮಿತಿಯವರು ಜೂನಿನಲ್ಲಿ ಬಂದರು. ಲೋಬೋ ಅವರು ಮೆತ್ತಗೆ ಮಾತಾಡುವ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು. ಅವರು ಮೊದಲು ಕೇಳಿದ್ದೇ ಎಳೆಗಳ ಪೆಟ್ಟಿಗೆಯನ್ನು. ಕೆಂಪಿನಲ್ಲಿ ಕೆಂಪು, ನೀಲಿಯಲ್ಲಿ ನೀಲಿ. ಪುಸ್ತಕದಲ್ಲಿ ಬೇರೆ. ನಿಯಂತ್ರಣ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಮುನಿರತ್ನಮ್ಮ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು.

"ಈ ಅದಲುಬದಲು ಯಾರು ಮಾಡುವುದು?" ಅಂತ ಲೋಬೋ ಕೇಳಿದರು.

"ಅದು ತಂತ್ರಜ್ಞರ ಕೆಲಸ ಮೇಡಂ" ಅಂದ ವಾಮನಮೂರ್ತಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಮುನಿರತ್ನಮ್ಮ ಅಂದರೆ ನೀವಾ? ಇದು ನಿಮ್ಮ ಸಹಿಯಾ?"

"ನಂದೇ ಮೇಡಂ."

"ಆವತ್ತು ಎಳೆ ಬದಲಾಯಿಸಿದ್ದಿರಾ?"

ಅವಳು ಹಣೆ ಗಂಟಿಕ್ಕಿಕೊಂಡು ನೆಲ ನೋಡಿದಳು. ಆಮೇಲೆ ತಲೆಯೆತ್ತಿ ನೇರ ವಾಮನಮೂರ್ತಿಯ ಕಡೆಗೆ ತಿರುಗಿ ಕೇಳಿದಳು: "ಸಾರ್, ಆವತ್ತು ಹಬ್ಬದ ದಿನ ನೀವು ನನ್ಗೇನಾದ್ರೂ ಹೇಳಿದ್ರಾ? ಇವತ್ತು ಬೇಡ ಅಂತ, ಏನಾದ್ರೂ?"

ಕೋಣೆಯವರೆಲ್ಲ ಅವನನ್ನೇ ನೋಡಿದರು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ಹಂಗಿಸುವ ಧಾಟಿಯೂ ಇರಲಿಲ್ಲ. ತನಗೆ ತಪ್ಪಿಸಿಕೊಳ್ಳಲು ಅವಳೇ ಒಂದು ಬಾಗಿಲು ತೆರೆದುಕೊಟ್ಟಳು ಅಂತ ಅವನಿಗೆ ಅನ್ನಿಸಿತು. ದೊಡ್ಡವರ ಮರ್ಯಾದೆ ಕಾಯುವ ಜನ ಇವರು, ಅಂದುಕೊಂಡ.

"ಏನೂ ಹೇಳಿದ ನೆನಪಿಲ್ಲಮ್ಮ" ಅಂದ.

"ಸರಿ ಸಾರ್" ಅಂದಳು ಅವಳು. ಲೋಬೋ ಅವರಿಗೆ, "ಹಾಗಾದ್ರೆ ನಂದೇ ತಪ್ಪಿರ್ಬೇಕು ಮೇಡಂ. ತೆಗ್ದು ಅದೇ ಕಿಂಡಿಗೇ ವಾಪಸ್ ಹಾಕ್ಬಿಟ್ಟಿದೀನಿ ಅನ್ಸುತ್ತೆ" ಅಂತ ಹೇಳಿ ಮತ್ತೆ ಕೈಕಟ್ಟಿದಳು. ಅದೇ ದಿನ ಸಂಜೆ ಅವಳನ್ನು ಅಮಾನತಿನಲ್ಲಿಟ್ಟ ಕಾಗದ ಬಂತು. ಎಳೆಗಳ ಅಳತೆ ಮುಗಿದ ಮೇಲೆ ಕೊನೆಯ ಸಭೆ. ಅಲ್ಲಿ ತೀರ್ಪು ಬರೆದರೆ ಅವಳನ್ನು ಇನ್ನು ಯಾವ ಕೇಂದ್ರದವರೂ ಎಳೆ ಮುಟ್ಟಲು ಬಿಡುವುದಿಲ್ಲ.

ಪತ್ರಿಕೆಗಳು ವಾಮನಮೂರ್ತಿಯನ್ನು ಬಯ್ಯಲಿಲ್ಲ. ಪಾಪ, ಕೈಕೆಳಗಿನವರನ್ನು ನಂಬಿ ಕೆಟ್ಟ ಅಂತ ಬರೆದವು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಸಿಕ್ಕವರು ಭುಜ ತಟ್ಟಿ ಸಮಾಧಾನ ಹೇಳಿದರು. ಒಂದೊಂದು ತಟ್ಟೂ ಅವನಿಗೆ ಕಪಾಳಕ್ಕೆ ಹೊಡೆದಂತೆ ಆಗುತ್ತಿತ್ತು, ಆದರೂ ಥ್ಯಾಂಕ್ಸ್ ಅನ್ನುತ್ತಿದ್ದ. ತಿದ್ದುಪಡಿಯನ್ನು ಇನ್ನೂ ತೆಗೆದಿರಲಿಲ್ಲ. ತೀರ್ಪು ಬರಲಿ ಅಂತ ಮಂಡಳಿ ಕಾಯುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಿಸಿಲಿನಲ್ಲಿ ನಿಂತ ಸಾಲು ಕಂಡರೆ ಅವನು ಮುಖವನ್ನು ಆ ಕಡೆ ತಿರುಗಿಸುತ್ತಿದ್ದ.

"ರತ್ನಮ್ಮ ಅಂಥವಳಲ್ಲ ಕಣ್ರೀ" ಅಂದಳು ಅಂಬುಜಾಕ್ಷಿ, ಸಭೆಯ ಹಿಂದಿನ ದಿನ. "ನಮ್ಮ ಶಾಲೆಯ ಕಂಪ್ಯೂಟರ್ ಲೈನು ಕೆಟ್ಟಾಗ ಬಂದಿದ್ದಳಲ್ಲ, ಮಕ್ಕಳ ಎದುರಿಗೆ ಒಂದು ಎಳೆಯನ್ನು ನಾಲ್ಕು ಸಲ ಬಿಚ್ಚಿ ಹಾಕಿದಳು, ಚೂರು ಧೂಳು ಕಂಡಿತು ಅಂತ. ಅವಳು ಮರೆತಳು ಅಂದರೆ ನನಗೆ ನಂಬಿಕೆಯಾಗಲ್ಲ."

"ನಾನೇನು ಮಾಡಲಿ? ಅವಳೇ ಒಪ್ಪಿಕೊಂಡಿದ್ದಾಳಲ್ಲ!" ಅಂತ ಅವನು ರೇಗಿದ. ಅಷ್ಟು ಜೋರಾಗಿ ರೇಗುವ ಮಾತೇನೂ ಅದಾಗಿರಲಿಲ್ಲ. ಅಂಬುಜಾಕ್ಷಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು.

"ಒಪ್ಪಿಕೊಂಡರೆ ಮುಗೀತಾ? ಇಪ್ಪತ್ತೆರಡು ವರ್ಷ ನಿಮ್ಮ ಜೊತೆ ದುಡಿದವಳು. ಈ ಹಪ್ಪಳ ತಗೊಂಡು ಹೋಗಿ ಒಂದು ಸಲ ಮಾತಾಡಿಸಿ ಬನ್ನಿ. ಅಷ್ಟೂ ಮಾಡದಿದ್ದರೆ ಹೇಗೆ?"

ಹಪ್ಪಳದ ಪೊಟ್ಟಣ ಹಿಡಿದು ಹೊರಟ. ದಾರಿಯುದ್ದಕ್ಕೂ ಒಂದು ಆಸೆ ಅವನ ಮನಸ್ಸಿನಲ್ಲಿ ಹರಿದಾಡುತ್ತಿತ್ತು. ಅವಳಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಹೋದರೆ ಅವಳೇ, ಬಿಡಿ ಸಾರ್, ಆಗಿದ್ದು ಆಯ್ತು ಅಂದುಬಿಟ್ಟರೆ ಅವಳಿಗೆ ಎಲ್ಲಾದರೂ ಬೇರೆ ಕೆಲಸ ಕೊಡಿಸಿ ಋಣ ತೀರಿಸಬಹುದು. ಹೀಗೆ ಆಸೆಪಡುವುದು ನಾಚಿಕೆಗೇಡು ಅಂತ ಅವನಿಗೆ ತಿಳಿಯುತ್ತಿತ್ತು; ತಿಳಿದೂ ಆಸೆಪಟ್ಟ.

ಮುನಿರತ್ನಮ್ಮನ ಮನೆ ಗಾಂಧಿನಗರದ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ಅವಳ ಗಂಡ ಗೋವಿಂದಪ್ಪನ ಹೊಲಿಗೆ ಯಂತ್ರ. ಅವನು ಎದ್ದು ನಿಂತು, "ಬನ್ನಿ ಸಾರ್" ಅಂದ. ಒಳಗಿನಿಂದ ರತ್ನಮ್ಮ ಬಂದಳು. ಸೊರಗಿದ್ದಳು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಅವನನ್ನು ಕೂರಿಸಿ, ತಾನು ಗೋಡೆಗೊರಗಿ ನಿಂತಳು. ಗೋವಿಂದಪ್ಪ ಮತ್ತೆ ಹೊಲಿಗೆಗೆ ಕೂತ. ಕಿಟಕಿಯ ಮೇಲೆ ಮಾತ್ರೆಯ ಡಬ್ಬಿಗಳಿದ್ದವು, ಪಕ್ಕದಲ್ಲಿ ಒಂದು ನೋಟ್‌ಬುಕ್ಕು.

"ಮೈಗೆ ಹುಷಾರಿಲ್ಲವೇನಮ್ಮ?" ಅಂತ ಕೇಳಿದ.

"ಮೈಗಲ್ಲ ಸಾರ್, ತಲೆಗೆ" ಅಂದಳು ಅವಳು, ನಗಲು ನೋಡುತ್ತ. "ಬೆಂಗ್ಳೂರಿಗೆ ಹೋಗಿ ದೊಡ್ಡ ಡಾಕ್ಟ್ರಿಗೆ ತೋರಿಸ್ಕೊಂ ಬಂದ್ವಿ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು. ಆಗ್ದೇ ಇದ್ದಿದ್ನ ಆಯ್ತು ಅಂತ ಹೇಳೋಳು. ಮನೇಗೆ ಯಾರೋ ಬಂದಿದ್ರು ಅನ್ನೋಳು, ಬಂದೇ ಇರ್ತಿರ್ಲಿಲ್ಲ. ಕೊನೆಗೆ ನನ್ನೇ ಯಾರಮ್ಮಾ ನೀನು ಅಂತ ಕೇಳಿದ್ಳು."

"ನಿನಗೇನಾಗಿದೆ ಈಗ?"

"ಆವತ್ತು ಹಬ್ಬದ ದಿನ ಇದೆಯಲ್ಲ ಸಾರ್. ನೀವು ಮಂಗಳಾರತಿ ತಟ್ಟೆ ಹಿಡ್ಕೊಂಡು, ಇವತ್ತು ಬೇಡ ರತ್ನಮ್ಮ, ಇದ್ದ ಹಾಗೇ ಹಾಕ್ಬಿಡು ಅಂದ ಹಾಗೆ ನನ್ಗೆ ನೆನಪು. ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮಾವ್ರು ಅಲ್ಲೇ ಕೂತಿದ್ರು, ಅದೂ ನೆನಪಿದೆ. ಆದ್ರೆ ಬುಕ್ಕಲ್ಲಿ ನಿಮ್ಮ ಅಕ್ಷರ ಬೇರೆ ಹೇಳ್ತದೆ. ಆವತ್ತು ಎಲ್ಲಾರ ಮುಂದೆ ಕೇಳೇಬಿಟ್ಟೆ, ನೀವು ಹೇಳಿಲ್ಲ ಅಂದ್ರಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಪ್ಪತ್ತೆರಡು ವರ್ಷದಲ್ಲಿ ನೀವು ಒಂದಕ್ಷರ ಸುಳ್ಳು ಬರ್ದಿದ್ದು ನಾನು ಕಂಡಿಲ್ಲ. ಅಂದ್ಮೇಲೆ ನನ್ನ ತಲೇನೇ ಸುಳ್ಳು ಹೇಳ್ತಿದೆ. ಅದಕ್ಕೇ ಈಗ ಎಲ್ಲಾ ಬರ್ದಿಟ್ಕೋತೀನಿ. ಒಲೆ ಆರಿಸಿದ್ದು, ಬಾಗ್ಲು ಹಾಕಿದ್ದು, ಎಲ್ಲಾ."

ಕಿಟಕಿಯ ಮೇಲಿನ ನೋಟ್‌ಬುಕ್ಕು ಅದಕ್ಕಾಗಿಯೇ. ವಾಮನಮೂರ್ತಿ ಹಪ್ಪಳದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅವಳು ಅವನ ಮಾನ ಕಾಪಾಡಿರಲಿಲ್ಲ. ಬಾಗಿಲನ್ನೂ ತೆರೆದುಕೊಟ್ಟಿರಲಿಲ್ಲ. ಗೊತ್ತಿಲ್ಲದೆ, ತಿಳಿದವರೊಬ್ಬರನ್ನು ಕೇಳಿದ್ದಳು. ತನ್ನ ನೆನಪಿಗಿಂತ ಅವನ ಅಕ್ಷರವನ್ನು ಹೆಚ್ಚು ನಂಬಿದ್ದಳು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದ.

"ರತ್ನಮ್ಮ" ಅಂದ. ಪೊಟ್ಟಣವನ್ನು ನೆಲದ ಮೇಲಿಟ್ಟು, ಇನ್ನೊಂದು ಸಲ ಶುರುಮಾಡಿದ. "ನಾನು ಹೇಳಿದ್ದೆ. ಇವತ್ತು ಬೇಡ, ಇದ್ದ ಹಾಗೇ ಹಾಕು ಅಂತ ನಾನೇ ಹೇಳಿದ್ದೆ. ನೀನು ಹಾಗೇ ಹಾಕಿದೆ. ಆಯಿತು ಅಂತ ಸುಳ್ಳು ಬರೆದವನು ನಾನು."

ಹೊಲಿಗೆ ಯಂತ್ರ ನಿಂತಿತು. ರತ್ನಮ್ಮ ಅವನನ್ನೇ ನೋಡಿದಳು. ಅವಳು ಬಯ್ಯುತ್ತಾಳೆ, ಹೊರಗೆ ಹೋಗು ಅನ್ನುತ್ತಾಳೆ ಅಂತ ಅವನು ಕಾದ.

"ಅಂದ್ರೆ?" ಅಂದಳು. "ಅಂದ್ರೆ ನೀವು ಹೇಳಿದ್ದು ನಿಜಾನಾ? ಆ ಮಾತು ನಿಜವಾಗ್ಲೂ ಆಡಿದ್ರಾ?"

"ಆಡಿದ್ದೆ. ತಟ್ಟೆ ಹಿಡಿದಿದ್ದೆ. ನಮ್ಮಮ್ಮ ಅಲ್ಲೇ ಇದ್ದಳು. ನಿನಗೆ ನೆನಪಿರೋದೆಲ್ಲ ನಿಜ."

"ಹಾಗಾದ್ರೆ ನನ್ಗೆ ಮರೆವಿಲ್ವಾ ಸಾರ್?"

ಅವನು ಇಲ್ಲವೆಂದು ತಲೆಯಾಡಿಸಿದ. ರತ್ನಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಮತ್ತೆ ತೆಗೆದಳು, "ಏನ್ರೀ, ಕೇಳಿಸ್ತಾ? ನನ್ಗೇನೂ ಆಗಿಲ್ಲಂತೆ! ನಮ್ಮಮ್ಮನ ಹಾಗಲ್ಲ ನಾನು!" ಅಂತ ಗಂಡನಿಗೆ ಕೂಗಿ ಹೇಳಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಗಿ ಅವನ ಕಾಲು ಮುಟ್ಟಲು ಬಂದಳು. ಅವನು ಹೆದರಿ ಕಾಲು ಹಿಂದಕ್ಕೆಳೆದುಕೊಂಡ. "ದೊಡ್ಡ ಉಪಕಾರ ಮಾಡಿದ್ರಿ ಸಾರ್. ಬಂದು ಹೇಳಿದ್ರಲ್ಲ, ಜೀವ ಉಳಿಸಿದ್ರಿ. ಇರಿ, ಕಾಫಿ ಮಾಡ್ತೀನಿ" ಅಂತ ಒಳಗೆ ಓಡಿದಳು.

ತನ್ನ ಜೀವಮಾನದಲ್ಲಿ ವಾಮನಮೂರ್ತಿ ಪಡೆದ ಸನ್ಮಾನಗಳು ಹಲವು. ಇಷ್ಟು ನಾಚಿಕೆಯನ್ನು ಯಾವ ಬೈಗುಳವೂ ತಂದಿರಲಿಲ್ಲ. ಗೋವಿಂದಪ್ಪ ಮಾತ್ರ ಹೆಂಡತಿಯ ಜೊತೆ ನಗಲಿಲ್ಲ. ಯಂತ್ರದ ಮುಂದೆ ಕೂತಲ್ಲಿಂದಲೇ ಅವನನ್ನು ನೋಡುತ್ತಿದ್ದ.

ವಾಮನಮೂರ್ತಿ ಅಲ್ಲೇ ಫೋನು ತೆಗೆದು ಲೋಬೋ ಅವರಿಗೆ ಮಾಡಿದ. ಹಬ್ಬದ ದಿನದಿಂದ ಹಿಡಿದು ಭಾನುವಾರ ತಾನೊಬ್ಬನೇ ಎಳೆ ಬದಲಾಯಿಸಿ ಮತ್ತೆ ಹಿಂದಿನಂತೆ ಹಾಕಿದ್ದರ ತನಕ, ಗೋವಿಂದಪ್ಪನಿಗೆ ಕೇಳಿಸುವ ಹಾಗೆ, ಒಂದನ್ನೂ ಬಿಡದೆ ಹೇಳಿದ. ಆಮೇಲೆ ಲೋಬೋ, "ನಾಳೆ ಸಭೆಯಲ್ಲಿ ಇದನ್ನೇ ನಿಂತು ಹೇಳಬೇಕಾಗುತ್ತದೆ, ಮುನಿರತ್ನಮ್ಮನವರ ಎದುರಿಗೆ" ಅಂದರು. ಹೇಳುತ್ತೇನೆ ಅಂದ. ಬಸ್ಸುಗಳನ್ನು ಇವತ್ತೇ ಸರಿಮಾಡಿಸಿ ಅಂತಲೂ ಕೇಳಿಕೊಂಡ.

ತಿರುಗಿ ನೋಡಿದರೆ ರತ್ನಮ್ಮ ಕಾಫಿಯ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಗು ಇನ್ನೂ ಮುಖದ ಮೇಲೆಯೇ ಇತ್ತು, ಆದರೆ ಅದು ಈಗ ಎತ್ತಿಡಲು ಮರೆತ ಸಾಮಾನಿನ ಹಾಗೆ ಕಾಣುತ್ತಿತ್ತು. ಅವಳು ಏನನ್ನೋ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದಳು. ಆ ಕೆಲಸದಲ್ಲಿ ಅವಳ ಕೈಗೆ ಸಮನಾದವರಿರಲಿಲ್ಲ.

"ಸಾರ್" ಅಂದಳು. "ಎಳೆ ನೋಡಿದ ಭಾನುವಾರ, ಕಮಿಟಿ ಬರೋಕೆ ಮುಂಚೆನಾ?"

"ಮುಂಚೆ."

"ಅಂದ್ರೆ ಆವತ್ತು ಎಲ್ಲಾರ ಮುಂದೆ ನಾನು ಕೇಳ್ದಾಗ, ನಿಮ್ಗೆ ನೆನಪಿತ್ತಾ?"

ಗೋವಿಂದಪ್ಪ ಹೆಂಡತಿಯ ಕಡೆ ನೋಡಿದ. ಓಣಿಯಲ್ಲಿ ಯಾವುದೋ ಗಾಡಿ ಹೋಯಿತು. ಇಲ್ಲ ಅನ್ನಲು ಇನ್ನೂ ಅವಕಾಶವಿತ್ತು. ಭಾನುವಾರ ನೋಡಿದ್ದು ಎಳೆಗಳನ್ನು ಮಾತ್ರ, ಆಡಿದ ಮಾತು ಈಗಷ್ಟೇ ನೆನಪಾಯಿತು ಅಂದರೆ ಅವಳು ಅದನ್ನೂ ನಂಬುತ್ತಿದ್ದಳು.

"ನೆನಪಿತ್ತು" ಅಂದ ವಾಮನಮೂರ್ತಿ.

ರತ್ನಮ್ಮ ಹತ್ತಿರ ಬಂದು ಕಾಫಿಯ ಲೋಟವನ್ನು ಅವನ ಮುಂದಿನ ಸ್ಟೂಲಿನ ಮೇಲೆ, ಚೂರೂ ತುಳುಕದ ಹಾಗೆ ಇಟ್ಟಳು. ಕುಡಿಯಿರಿ ಅನ್ನಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆಳೆದುಕೊಂಡಳು.